ಗಡಿಗೆ ನನ್ನದು, ಪ್ರಲ್ಹಾದನದಲ್ಲ

ಜವಾಬು ಕೊಡುವವಳು ರತ್ನವ್ವ ಕೋಂ ಕಲ್ಲಣ್ಣ ಮ್ಯಾಗೇರಿ, ವಯಸ್ಸು ಸುಮಾರು ನಲವತ್ತೊಂದು ವರ್ಷ, ಉದ್ಯೋಗ ಕೈಮಗ್ಗದ ನೇಯ್ಗೆ, ಸಾಕಿನ್ ಬೆಟಗೇರಿ, ತಾಲೂಕು ಗದಗ, ಜಿಲ್ಲೆ ಧಾರವಾಡ, ಮುಂಬಯಿ ರಾಜ್ಯ. ಯಾರೂ ಕರೆಯದೆ, ನಾನಾಗಿಯೇ ಇಂದು ದಿನಾಂಕ 13-6-1955, ಸೋಮವಾರ, ಮುಂಜಾನೆ 7-30ಕ್ಕೆ ಠಾಣೆಗೆ ಬಂದು ಬರೆಸುವುದು ಏನೆಂದರೆ:

ಮೊನ್ನೆ ಶನಿವಾರ ನಮ್ಮ ಮನೆಯಲ್ಲಿ ಜಪ್ತಿಯಾದ ಎರಡು ಗಡಿಗೆಗಳು ನನ್ನವು. ಅವುಗಳಲ್ಲಿ ಇದ್ದದ್ದನ್ನು ಮಾಡಿದವಳು ನಾನು. ನನ್ನ ಗಂಡನ ತಮ್ಮ ಪ್ರಲ್ಹಾದ, ವಯಸ್ಸು ಇಪ್ಪತ್ತೆರಡು, ಅದು ತನ್ನದು ಎಂದು ಒಪ್ಪಿಕೊಂಡು ಶನಿವಾರದಿಂದ ಈ ಠಾಣೆಯಲ್ಲಿದ್ದಾನೆ. ಅವನು ಹೇಳಿದ್ದು ಸುಳ್ಳು. ಅವನಿಗೆ ಮುನಸಿಪಾಲಟಿ ಶಾಲೆಯಲ್ಲಿ ಮಾಸ್ತರಿಕೆಯ ಹುಕುಂ ಬಂದಿದೆ. ಇಂದು ಹನ್ನೊಂದು ಗಂಟೆಗೆ ಹಾಜರಾಗದಿದ್ದರೆ ಆ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳುವುದಾಗಿ ಹುಕುಮಿನಲ್ಲೇ ಬರೆದಿದೆ. ದಾರೂಬಂದಿಯ ಕೇಸು ಅವನ ಹೆಸರಿಗೆ ಬಿದ್ದರೆ ಇಂದಿನದಷ್ಟೇ ಅಲ್ಲ, ಮುಂದೆಂದೂ ಮಾಸ್ತರಿಕೆ ಸಿಗುವುದಿಲ್ಲ.

ಫೌಜದಾರ ಸಾಹೇಬರು ನನ್ನ ಮಾತನ್ನು ನಂಬಲಿಲ್ಲ. ಮೈದುನನನ್ನು ಬಿಡಿಸಿಕೊಳ್ಳಲು ಬಂದ ಅತ್ತಿಗೆಯರನ್ನು ಬಹಳ ನೋಡಿದ್ದೇನೆ ಎಂದರು. ನೀನೇ ಮಾಡಿದ್ದಾದರೆ ಹೇಗೆ ಮಾಡಿದೆ ಎಂಬುದನ್ನು ದಿನ, ವೇಳೆ ಸಹಿತ ಹೇಳು ಎಂದರು. ಹೇಳುತ್ತೇನೆ ಎಂದು ನೆಲದ ಮೇಲೆ ಕುಳಿತೆ. ಕಾರಕೂನರು ಮರಾಠಿಯಲ್ಲಿ ಬರೆಯಲು ಶುರು ಮಾಡಿದ್ದರು. ಬರೆದದ್ದನ್ನು ಓದಿ ಹೇಳಿದರೆ ನನಗೆ ತಿಳಿಯಬೇಕು, ನಾಳೆ ಯಾವ ರಾಜ್ಯ ಆಗತೈತೋ ಆಗಲಿ, ಇವತ್ತು ನನ್ನ ಬಾಯಿ ಕನ್ನಡ ಐತಿ ಎಂದೆ. ಸಾಹೇಬರು ಹೂಂ ಎಂದರು. ಕಾರಕೂನರು ಹೊಸ ಕಾಗದ ತೆಗೆದುಕೊಂಡರು.

ನನ್ನ ತವರು ಮುಂಡರಗಿ ಕಡೆಯ ಸಿಂಗಟಾಲೂರು, ಹೊಳೆಯ ದಂಡೆ. ಜೋಳದ ಹೆಂಡ ಮಾಡುವುದನ್ನು ನನ್ನ ಅವ್ವ ನೀಲಗಂಗವ್ವ ಕಲಿಸಿದಳು. ಮದುವೆಯಾಗಿ ಬೆಟಗೇರಿಗೆ ಬಂದ ಮೇಲೆ ಅತ್ತೆಯ ಮನೆಯಲ್ಲಿ ಮಾಡುತ್ತ ಬಂದಿದ್ದೇನೆ. ನಮ್ಮ ಮನೆಯ ಪದ್ಧತಿ ಹೀಗಿದೆ. ಮಗ್ಗಕ್ಕೆ ಏರಿಸುವ ಉದ್ದನೆಯ ಎಳೆಗಳಿಗೆ ಹಾಸು ಎನ್ನುತ್ತೇವೆ. ಹೊಸ ಹಾಸನ್ನು ಓಣಿಯಲ್ಲಿ ಎಳೆದು ಕಟ್ಟಿ ಗಂಜಿ ಹಚ್ಚುವ ದಿನ ಎಂಟು ಹತ್ತು ಮಂದಿ ಬಂದು ಹಿಡಿಯಬೇಕು. ಅವರು ಕೂಲಿ ಕೇಳುವುದಿಲ್ಲ. ಕೆಲಸ ಮುಗಿದ ಮೇಲೆ ತಲೆಗೊಂದು ತಂಬಿಗೆ ಜೋಳದ ಹೆಂಡ ಕೊಡುತ್ತೇವೆ. ನಮ್ಮ ಹೊಸ ಹಾಸು ಬರುವ ಗುರುವಾರ, ಅಂದರೆ 16ನೇ ತಾರೀಖಿಗೆ ಇತ್ತು. ಮಾರಿದ್ದಿಲ್ಲ, ಮಾರುವುದೂ ಇಲ್ಲ. ಎಲ್ಲಾರೂ ಹಂಗ ಹೇಳತಾರ ಎಂದು ಜಮಾದಾರರು ನಡುವೆ ಬಾಯಿ ಹಾಕಿದರು. ಎಲ್ಲಾರೂ ಹೇಳ್ಲಿ ಬಿಡ್ರಿ, ನಾ ಹೇಳಾಕತ್ತಿದ್ದು ನಂದು ಎಂದೆ.

ಐದು ವರ್ಷದ ಹಿಂದೆ ದಾರೂಬಂದಿ ಬಂದದ್ದು ನನಗೆ ಗೊತ್ತಿದೆ. ಓಣಿಯಲ್ಲಿ ಡಂಗುರ ಹೊಡೆದಾಗ ಮಗ್ಗದ ಮೇಲಿಂದ ಕೇಳಿದ್ದೇನೆ. ಗೊತ್ತಿರಲಿಲ್ಲ ಎಂದು ಹೇಳಲು ಇಲ್ಲಿಗೆ ಬಂದಿಲ್ಲ.

ದಿನಾಂಕ 4, ಶನಿವಾರ, ಸಂಜೆ 6ಕ್ಕೆ ಮೂರು ಸೇರು ಬಿಳಿಜೋಳ ನೆನೆ ಹಾಕಿದೆ. ಜೋಳ ಈ ವರ್ಷದ ಬೆಳೆಯದೇ ಆಗಬೇಕು. ನೆಲದೊಳಗಿನ ಹಗೇವಿನಲ್ಲಿ ಬಹಳ ದಿನ ಇದ್ದ ಜೋಳ ಮೊಳೆಯುವುದಿಲ್ಲ, ನೀರಿನಲ್ಲಿ ಕೊಳೆಯುತ್ತದೆ. ನೀರನ್ನು ನಾಲ್ಕು ಸಲ ಬದಲಿಸಿದೆ. ಆದಿತ್ಯವಾರ ಸಂಜೆ ಬಸಿದು, ಹಸಿ ಅರಿವೆಯಲ್ಲಿ ಕಟ್ಟಿ, ಮಗ್ಗದ ಕುಣಿಯ ಪಕ್ಕದ ತಂಪಿನಲ್ಲಿ ಇಟ್ಟೆ.

ಮೊದಲನೆಯ ಕಷ್ಟ ಇಲ್ಲಿದೆ. ಗಂಟಿನೊಳಗೆ ಮೊಳಕೆ ಒಡೆಯುವ ಕಾಳು ತಾನೇ ಬಿಸಿಯಾಗುತ್ತದೆ. ಬಿಚ್ಚಿ ಕೈಯಾಡಿಸದಿದ್ದರೆ ಬೇರು ಹೆಣೆದುಕೊಂಡು, ಬೂಸು ಹಿಡಿದು, ನಾರುತ್ತದೆ. ಸೋಮವಾರ, ಮಂಗಳವಾರ ಎರಡೂ ದಿನ ಹಗಲಿನಲ್ಲಿ ಮೂರು ತಾಸಿಗೊಮ್ಮೆ ಬಿಚ್ಚಿ, ಕೈಯಾಡಿಸಿ, ನೀರು ಚಿಮುಕಿಸಿ ಕಟ್ಟಿದ್ದೇನೆ. ಲಾಳಿ ಒಗೆಯುತ್ತಿದ್ದವಳು ಎದ್ದು ಹೋಗಿ ಬರುತ್ತಿದ್ದುದರಿಂದ ಆ ಎರಡು ದಿನ ಸೀರೆ ಅರ್ಧ ಗಜ ಕಡಿಮೆ ನೇಯ್ದಿದ್ದೇನೆ. ಬೇಕಾದರೆ ಮಗ್ಗದ ಮೇಲೆ ಅಳೆದು ನೋಡಬಹುದು.

ಬುಧವಾರ 8ನೇ ತಾರೀಖು ಮುಂಜಾನೆ 8ಕ್ಕೆ ಮೊಳಕೆ ಕಾಳಿನ ಉದ್ದಕ್ಕೆ ಬಂದಿತ್ತು. ಅಷ್ಟಕ್ಕೇ ನಿಲ್ಲಿಸಬೇಕು. ಇನ್ನೂ ಬಿಟ್ಟರೆ ಕಾಳಿನೊಳಗಿನ ಹಿಟ್ಟನ್ನು ಮೊಳಕೆಯೇ ತಿಂದುಬಿಡುತ್ತದೆ, ಮೊದಲೇ ನಿಲ್ಲಿಸಿದರೆ ಕಾಳಿಗೆ ಶಕ್ತಿ ಬಂದಿರುವುದಿಲ್ಲ. ಮಾಳಿಗೆಯ ಮೇಲೆ ಹರವಿದೆ. ಸಂಜೆ 4-15ಕ್ಕೆ ಮಿರಗದ ಮಳೆ ನಾಲ್ಕು ಹನಿ ಬಿತ್ತು. ನಾನು ಒಬ್ಬಳೇ ಓಡಿ ಹೋಗಿ, ಚಾಪೆ ಸಹಿತ ಎಳೆದುಕೊಂಡು ಕೆಳಗೆ ಇಳಿಸಿದೆ. ಪ್ರಲ್ಹಾದ ಆಗ ಹೊರಗಿನ ಪಡಸಾಲೆಯಲ್ಲಿ ಕುಳಿತು ಓದುತ್ತಿದ್ದ. ಏನ್ರಿ ವೈನಿ ಅದು ಎಂದು ಕೇಳಿದ. ಜ್ವಾಳಪಾ, ನೀ ಓದು ಎಂದೆ. ಅವನು ಓದಿದ.

ಗುರುವಾರ, ಶುಕ್ರವಾರ ಒಳ್ಳೆಯ ಬಿಸಿಲು ಬಿತ್ತು. ಶುಕ್ರವಾರ ಮಧ್ಯಾಹ್ನ ಒಣಗಿದ ಮೊಳಕೆಯನ್ನೂ ಬೇರನ್ನೂ ಗೋಣಿಚೀಲದ ಮೇಲೆ ತಿಕ್ಕಿ ಮುರಿದು, ಮೊರದಲ್ಲಿ ಕೇರಿ ತೆಗೆದೆ. ಇದನ್ನು ಬಿಡುವ ಹಾಗಿಲ್ಲ. ಎಳೆಯ ಜೋಳದ ಸಸಿ ಮೇಯ್ದ ದನ ನಿಂತಲ್ಲೇ ನಡುಗಿ ಬೀಳುವುದನ್ನು ನಾನು ತವರಿನಲ್ಲಿ ಕಣ್ಣಾರೆ ಕಂಡಿದ್ದೇನೆ. ಆ ವಿಷ ಮೊಳಕೆಯಲ್ಲೂ ಇರುತ್ತದೆ. ನನ್ನ ಹೆಂಡ ಕುಡಿದ ಯಾರಿಗೂ ಇಪ್ಪತ್ತಮೂರು ವರ್ಷದಲ್ಲಿ ಹೊಟ್ಟೆ ನೋವು ಕೂಡ ಬಂದಿಲ್ಲ. ಕುಡಿದವರು ಯಾರು ಯಾರು ಎಂದು ಸಾಹೇಬರು ಇಲ್ಲಿ ಕೇಳಿದರು. ಮಾಡಿದವಳ ಹೆಸರು ಹೇಳುತ್ತೇನೆ, ಕುಡಿದವರ ಹೆಸರು ಹೇಳುವುದಿಲ್ಲ ಎಂದೆ. ಎರಡನೆಯ ಸಲ ಕೇಳಿದರು. ಎರಡನೆಯ ಸಲವೂ ಅದನ್ನೇ ಹೇಳಿದೆ. ಸಂಜೆ 5ರಿಂದ 6ರ ವರೆಗೆ ಆ ಕಾಳನ್ನು ಬೀಸುವ ಕಲ್ಲಿನಲ್ಲಿ ತರಿತರಿಯಾಗಿ ಒಡೆದೆ. ನುಣ್ಣಗೆ ಬೀಸಿದರೆ ಸೋಸುವಾಗ ಅಂಟಾಗಿ ಅರಿವೆ ಕಟ್ಟುತ್ತದೆ.

ಶನಿವಾರ 11ನೇ ತಾರೀಖು ಬೆಳಿಗ್ಗೆ 5ಕ್ಕೆ ಎದ್ದು ದೊಡ್ಡ ಗಡಿಗೆಯಲ್ಲಿ ಜೋಳದ ಹಿಟ್ಟಿನ ಗಂಜಿ ಕಾಸಿದೆ. 5-45ಕ್ಕೆ ಇಳಿಸಿದೆ. ಎಲ್ಲಕ್ಕೂ ದೊಡ್ಡ ಕಷ್ಟ ಇದಾದ ಮೇಲೆ ಬರುತ್ತದೆ. ಆ ಗಂಜಿಗೆ ಮೊಳಕೆಯ ತರಿ ಬೆರೆಸಬೇಕು. ಗಂಜಿ ಬಹಳ ಬಿಸಿ ಇದ್ದರೆ ತರಿ ಸತ್ತು ಹೋಗುತ್ತದೆ, ಆರಿದರೆ ಕೆಲಸ ಮಾಡುವುದಿಲ್ಲ. ಬೆರಳು ಅದ್ದಿ ನಾಲ್ಕು ಎಣಿಸುವಷ್ಟರಲ್ಲಿ ತಾನಾಗಿ ಹಿಂದೆ ಬರಬೇಕು, ಅದೇ ಹದ. ಎರಡಕ್ಕೇ ಬಂದರೆ ಕಾಯಬೇಕು. ಹತ್ತರ ವರೆಗೆ ತಡೆದರೆ ಮತ್ತೆ ಒಲೆಗೆ ಇಡಬೇಕು. 6-15ಕ್ಕೆ ಹದ ಬಂತು. ತರಿ ಹಾಕಿ ತಿರುವಿದೆ. ಚಮಚ ನಿಲ್ಲುವಷ್ಟು ಗಟ್ಟಿ ಇದ್ದ ಗಂಜಿ ನೋಡುನೋಡುತ್ತ ತೆಳ್ಳಗಾಗುತ್ತದೆ, ಸಿಹಿಯಾಗುತ್ತದೆ. ನಾನು ಎಷ್ಟು ಸಲ ಮಾಡಿದರೂ ಆ ಹೊತ್ತಿನಲ್ಲಿ ಗಡಿಗೆಯ ಮುಂದಿನಿಂದ ಏಳಲು ಮನಸ್ಸಾಗುವುದಿಲ್ಲ. ಇದನ್ನು ಬರೆಯಬೇಕಾಗಿಲ್ಲ ಎಂದು ಕಾರಕೂನರು ಅಂದರು. ಬರೆಯಿರಿ ಎಂದೆ.

6-30ಕ್ಕೆ ಆ ಗಡಿಗೆಯನ್ನು ಹುಲ್ಲಿನಲ್ಲಿ ಹುಗಿದು, ಗೋಣಿ ಮುಚ್ಚಿ, ಅಡುಗೆಮನೆಯ ಮೂಲೆಯಲ್ಲಿ ಇಟ್ಟೆ. ಬಿಸಿ ಆರದ ಹಾಗೆ ಎರಡೂವರೆ ತಾಸು ಅಲ್ಲಿರಬೇಕು. ಆಮೇಲೆ ಸೋಸಿ, ಒಂದು ಕುದಿ ಕುದಿಸಿ, ಪೂರ್ತಿ ಆರಿಸಿ, ಹಳೆಯ ಹೆಂಡದ ತಳದಲ್ಲಿ ನಿಂತ ಗಸಿಯನ್ನು ಹೆಪ್ಪು ಹಾಕಬೇಕು. ಆ ಗಸಿಯೂ, ಹಳೆಯದರಲ್ಲಿ ಉಳಿದ ಸುಮಾರು ಒಂದೂವರೆ ಸೇರು ಹೆಂಡವೂ ಸಣ್ಣ ಗಡಿಗೆಯಲ್ಲಿದ್ದವು. ಅದನ್ನು ನೂಲಿನ ಕೋಣೆಯಲ್ಲಿ, ನೂಲು ಸುತ್ತಿದ ಕಂಡಿಕೆಯ ಬುಟ್ಟಿಗಳ ಹಿಂದೆ ಇಟ್ಟಿದ್ದೆ. ಪೊಲೀಸರಿಗೆ ಹೆದರಿ ಅಲ್ಲ. ಅಡುಗೆಮನೆಯಲ್ಲಿ ಹಾಸಿನ ಎಳೆಗಳಿಗೆ ಹಚ್ಚುವ ಹುಳಿ ಗಂಜಿ ಇರುತ್ತದೆ. ಅದರ ಹತ್ತಿರ ಇಟ್ಟರೆ ಹೆಂಡಕ್ಕೂ ಹುಳಿ ಹತ್ತುತ್ತದೆ. ನೇಕಾರರ ಮನೆಯಲ್ಲಿ ಹೆಂಡ ಕೆಡುವುದು ಬಹಳ ಮಟ್ಟಿಗೆ ಇದೊಂದರಿಂದಲೇ.

ಬೆಳಿಗ್ಗೆ 7ಕ್ಕೆ ನಾನೂ ನನ್ನ ಗಂಡನೂ ನೇಯ್ದ ಆರು ಸೀರೆ ಒಪ್ಪಿಸಲು ಗದಗದಲ್ಲಿರುವ ನೇಕಾರರ ಸಂಘಕ್ಕೆ ಹೋದೆವು. ದೂರ ಒಂದೂವರೆ ಮೈಲು. 9ರೊಳಗೆ ತಿರುಗಿ ಬರುವ ಲೆಕ್ಕ. ಸೀರೆ ಅಳೆಯುವವರು 10ಕ್ಕೆ ಬಂದರು. ಮನೆಯಲ್ಲಿ ಪ್ರಲ್ಹಾದ ಒಬ್ಬನೇ ಇದ್ದ.

ಇದಾದ ಮೇಲಿನದನ್ನು ನಾನು ಕಣ್ಣಾರೆ ನೋಡಿಲ್ಲ. ನಮ್ಮ ಮನೆಯಿಂದ ಮೂರನೆಯ ಮನೆಯ ಗದಿಗೆವ್ವ ಹೇಳಿದ್ದನ್ನು ಹೇಳುತ್ತೇನೆ. ಆ ದಿನ ಗದಿಗೆವ್ವನ ಹಾಸು ಓಣಿಯಲ್ಲಿ ಕಟ್ಟಿತ್ತು, ಉದ್ದ ಇಪ್ಪತ್ತನಾಲ್ಕು ಗಜ. ಹದಿನೆಂಟು ಗಜಕ್ಕೆ ಹಚ್ಚುವಷ್ಟರಲ್ಲಿ ಅವಳ ಗಂಜಿ ತೀರಿತು. 8-15ಕ್ಕೆ ತಪ್ಪೇಲಿ ಹಿಡಿದು ನಮ್ಮ ಮನೆಗೆ ಬಂದಳು. ನಿಮ್ಮ ವೈನಿ ಎಲ್ಲೆದಾಳೋ ಮಾಸ್ತರ, ಒಂದಿಷ್ಟು ಗಂಜಿ ಬೇಕಾಗಿತ್ತು ಎಂದಳು. ಪ್ರಲ್ಹಾದ ಪುಸ್ತಕದಿಂದ ತಲೆ ಎತ್ತದೆ, ಒಳಗ ಗಡಿಗ್ಯಾಗ ಇರಬೇಕು ನೋಡ್ರಿ, ತಗೊಂಡು ಹೋಗ್ರಿ ಎಂದನಂತೆ. ಹುಳಿ ಗಂಜಿ ಒಲೆಯ ಪಕ್ಕದಲ್ಲಿತ್ತು. ಗದಿಗೆವ್ವ ಹುಲ್ಲಿನಲ್ಲಿ ಹುಗಿದದ್ದನ್ನು ಕಂಡು, ರತ್ನವ್ವ ಬೆಚ್ಚಗ ಇಟ್ಟಾಳ, ಇದು ಚಲೋದು ಎಂದುಕೊಂಡು ಅದನ್ನೇ ಒಂದು ತಪ್ಪೇಲಿ ತುಂಬಿಕೊಂಡು ಹೋಗಿ, ಉಳಿದ ಆರು ಗಜಕ್ಕೆ ಕುಂಚದಿಂದ ಹಚ್ಚಿದಳು.

ಮೊಳಕೆ ಬೆರೆತ ಗಂಜಿ ಎಳೆಯನ್ನು ಬಿಗಿ ಮಾಡುವುದಿಲ್ಲ. ಇದ್ದ ಬಿಗಿಯನ್ನೂ ಕಳೆಯುತ್ತದೆ. ಬಿಸಿಲು ಏರಿದ ಹಾಗೆ ಹದಿನೆಂಟು ಗಜ ತಂತಿಯ ಹಾಗೆ ನಿಂತಿತು, ಆರು ಗಜ ಜೋತುಬಿದ್ದು ಕೈಗೆ ಅಂಟತೊಡಗಿತು. 9-30ಕ್ಕೆ ಎಳೆ ಹರಿಯಲು ಶುರುವಾದವು. ಅದೇ ಹೊತ್ತಿಗೆ ಕಟ್ಟಿದ ಗೂಟದ ಮೇಲಿಂದ ಇರುವೆ ಏರಿ, ಹಾಸಿನ ಆ ತುದಿಯಿಂದ ಆರು ಗಜದ ವರೆಗೆ ಸಾಲು ಹಚ್ಚಿದವು. ನಲವತ್ತು ಹೆಜ್ಜೆ ದೂರದ ಬೆಲ್ಲದ ಅಂಗಡಿಯ ನೊಣಗಳೆಲ್ಲ ಅಂಗಡಿ ಬಿಟ್ಟು ಹಾಸಿನ ಮೇಲೆ ಬಂದವು. ಗದಿಗೆವ್ವ ತನ್ನ ಹಾಸಿನ ಮೇಲೆ ಯಾರೋ ಮಾಟ ಮಾಡಿಸಿದ್ದಾರೆ ಎಂದು ಕೂಗಿಕೊಂಡಳು. ಎದುರುಮನೆಯ ಹನಮಂತವ್ವನ ಕಡೆಗೇ ನೋಡಿ ಕೂಗಿದ್ದರಿಂದ ಹನಮಂತವ್ವ ಸೆರಗು ಕಟ್ಟಿಕೊಂಡು ಬಂದಳು. ಎಳೆಯ ಮೇಲೆ ಬೆರಳು ಎಳೆದು, ನೆಕ್ಕಿ, ಇದು ಮಾಟ ಅಲ್ಲವಾ ನಮ್ಮವ್ವ, ರತ್ನವ್ವ ನಿನ್ನ ಹಾಸನ್ನ ಹೋಳಿಗಿ ಊಟಕ್ಕ ಕರದಾಳ ಎಂದಳು. ಇಡೀ ಓಣಿ ನಕ್ಕಿತು.

ನಕ್ಕ ಸದ್ದಿಗೇ ಗಸ್ತಿಯ ಮೇಲಿದ್ದ ಜಮಾದಾರರು ಬಂದದ್ದು. ಆಗ ವೇಳೆ 10-05. ಅವರೂ ಬೆರಳು ಹಚ್ಚಿ ರುಚಿ ನೋಡಿದರು ಎಂದು ಗದಿಗೆವ್ವ ಹೇಳುತ್ತಾಳೆ. ಜಮಾದಾರರು ತಾವು ವಾಸನೆ ಮಾತ್ರ ನೋಡಿದ್ದಾಗಿ ಹೇಳುತ್ತಾರೆ. ಆ ಬಗ್ಗೆ ನನ್ನ ತಕರಾರಿಲ್ಲ. ಗಂಜಿ ಎಲ್ಲಿಂದ ಬಂತು ಎಂದು ಕೇಳಿ, ಪಂಚರನ್ನು ಕರೆದುಕೊಂಡು ನಮ್ಮ ಮನೆ ಹೊಕ್ಕು ಎರಡೂ ಗಡಿಗೆ ಜಪ್ತಿ ಮಾಡಿದರು. ಇದು ಯಾರದು ಎಂದು ಕೇಳಿದಾಗ ಬಾಗಿಲಲ್ಲಿ ಹದಿನೈದು ಇಪ್ಪತ್ತು ಹೆಂಗಸರು ನಿಂತಿದ್ದರಂತೆ. ಪ್ರಲ್ಹಾದ ಅವರನ್ನೆಲ್ಲ ಒಮ್ಮೆ ನೋಡಿ, ನಂದು ಎಂದನಂತೆ. ಸಣ್ಣ ಗಡಿಗೆ ಎಲ್ಲಿಂದ ಬಂತು ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಅದನ್ನು ಹೊರಗೆ ತಂದಾಗ, ಇದೂ ನಂದ ಎಂದನಂತೆ. 10-45ಕ್ಕೆ ಅವನನ್ನು ಠಾಣೆಗೆ ತಂದರು. ನಾವು 11-30ಕ್ಕೆ ಮನೆಗೆ ಬಂದೆವು. ಅವನ ಪುಸ್ತಕ ಪಡಸಾಲೆಯಲ್ಲಿ ತೆರೆದದ್ದು ತೆರೆದ ಹಾಗೇ ಇತ್ತು.

ಶನಿವಾರ 12ಕ್ಕೆ ನಾನು ಠಾಣೆಗೆ ಬಂದೆ. ಫೌಜದಾರ ಸಾಹೇಬರು ಮುಂಡರಗಿಗೆ ಬಂದೋಬಸ್ತಿಗೆ ಹೋಗಿದ್ದಾರೆ, ಸೋಮವಾರ ಬರುತ್ತಾರೆ ಎಂದು ತಿಳಿಯಿತು. ಆದಿತ್ಯವಾರ ಮುಂಜಾನೆ 9ಕ್ಕೆ ಓಣಿಯ ಐವರು ಹಿರಿಯರು ನಮ್ಮ ಪಡಸಾಲೆಯಲ್ಲಿ ಕೂಡಿದರು. ಪ್ರಲ್ಹಾದ ಗಂಡಸು, ಒಪ್ಪಿಕೊಂಡಾನ, ಹಂಗ ಇರಲಿ, ಗಂಡಸರ ಹೆಸರು ವರ್ಷದಾಗ ತೊಳೆದು ಹೋಗತೈತಿ, ಹೆಣ್ಮಕ್ಕಳು ಠಾಣೆ ಮೆಟ್ಟಿಲು ಹತ್ತಿದರ ತೊಳೆಯೋದಿಲ್ಲ ಎಂದರು. ನಾನು ಒಳಗಿನಿಂದ ಹೊರಗೆ ಬಂದು, ಗುರುವಾರ ತಂಬಿಗಿ ಹಿಡಕೊಂಡು ಬರೋವಾಗ ಹೆಣ್ಮಕ್ಕಳು ಮಾಡಿದ್ದು ಅಂತ ಹೊಳ್ಳಿ ಹೋಗತಿದ್ರೇನು ಎಂದು ಕೇಳಿದೆ. ಐವರಲ್ಲಿ ಎಷ್ಟು ಮಂದಿ ನೆಲ ನೋಡಿದರು ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಅವರು ಎದ್ದು ಹೋದರು. 10ರಿಂದ ಸಂಜೆ 4ರ ವರೆಗೆ ನಾನೂ ಗದಿಗೆವ್ವನೂ ಅವಳ ಹಾಸಿನ ಆರು ಗಜವನ್ನು ಬಿಸಿನೀರಿನಲ್ಲಿ ತೊಳೆದು, ಹರಿದ ಎಳೆಗಳನ್ನು ಗಂಟು ಹಾಕಿ, ನನ್ನ ಹುಳಿ ಗಂಜಿ ಹಚ್ಚಿ ಒಣಗಿಸಿದೆವು. ಅವಳು ಇಡೀ ದಿನ ನನ್ನನ್ನು ಬೈದಳು. ಬೈಯುತ್ತಲೇ ನನಗೆ ರೊಟ್ಟಿ ಕೊಟ್ಟಳು.

ಇಂದು ನಾನು ಇಷ್ಟು ಹೇಳಿದ ಮೇಲೆ, ವೇಳೆ 9-20ಕ್ಕೆ ಸಾಹೇಬರು ಪ್ರಲ್ಹಾದನನ್ನು ಕರೆಸಿದರು. ಅವನು ಮತ್ತೆ, ಗಡಿಗೆ ನಂದ, ವೈನೀಗೆ ಏನೂ ಗೊತ್ತಿಲ್ಲ ಎಂದ. ಅವನ ಅಂಗಿ ಶನಿವಾರದ್ದೇ. ನಾನು ಸಾಹೇಬರ ಅಪ್ಪಣೆ ಕೇಳಿ ಅವನಿಗೆ ಒಂದು ಪ್ರಶ್ನೆ ಹಾಕಿದೆ: ಮೊಳಕೆ ಎಷ್ಟು ಉದ್ದ ಬಂದಾಗ ಬಿಸಿಲಿಗೆ ಹಾಕಿದೆ? ಅವನು ತನ್ನ ಕೈ ನೋಡಿಕೊಂಡು, ಒಂದು ಗೇಣು ಎಂದ. ಜಮಾದಾರರು ಶಿರಹಟ್ಟಿ ಕಡೆಯ ಒಕ್ಕಲುತನದ ಮನೆಯವರು. ಗೇಣುದ್ದ ಬಂದರ ಅದು ಹೆಂಡ ಅಲ್ರಿ ಮಾಸ್ತರ, ಮೇವು ಎಂದು ನಕ್ಕರು. ಕಾರಕೂನರೂ ನಕ್ಕರು. ಸಾಕು ಮಾಡ್ರಿ ವೈನಿ ಎಂದು ಪ್ರಲ್ಹಾದ ಅಂದ. ಸುಳ್ಳು ಹೇಳಾಕೂ ಅಭ್ಯಾಸ ಬೇಕಪಾ, ನಿನಗ ಅದನ್ನ ಯಾರೂ ಕಲಿಸಿಲ್ಲ ಎಂದೆ. ಕಲಿಸದೆ ಇದ್ದವಳು ನಾನೇ. ಅವನು ಆರು ವರ್ಷದವನಿದ್ದಾಗ ಅತ್ತೆ ತೀರಿಕೊಂಡರು.

ಇಷ್ಟಾದರೂ ಸಾಹೇಬರು, ಮಾಡುವವನಿಗೆ ಮಾತು ಬಾರದೆಯೂ ಇರಬಹುದು ಎಂದರು. ಆಗ ನಾನು, ಶನಿವಾರ ಗದಿಗೆವ್ವ ಕೊಟ್ಟ ಜವಾಬನ್ನು ತೆಗೆದು ಓದಿಸಬೇಕು ಎಂದು ಕೇಳಿಕೊಂಡೆ. ಅದರಲ್ಲಿ, ಗಂಜಿ ತೆಗೆದುಕೊಂಡು ಹೋಗು ಎಂದು ಪ್ರಲ್ಹಾದನೇ ಹೇಳಿದ ಎಂದು ಬರೆದಿದೆ. ಏಳು ದಿನ ಕಷ್ಟಪಟ್ಟು ಹೆಂಡ ಮಾಡುವವನು, ಅದು ಗಂಜಿ ಎಂದು ತಿಳಿದು ನೆರೆಮನೆಯವರ ಹಾಸಿನ ಎಳೆಗೆ ಬಳಿಯಲು ಕೊಡುತ್ತಾನೆಯೇ ಎಂದು ಕೇಳಿದೆ. ಗದಿಗೆವ್ವನ ಜವಾಬು, ಪ್ರಲ್ಹಾದನ ಒಪ್ಪಿಗೆ ಎರಡೂ ಕಾಗದವನ್ನು ಸಾಹೇಬರು ಮೇಜಿನ ಮೇಲೆ ಜೋಡಿಸಿ ಇಟ್ಟು ಎರಡು ಸಲ ಓದಿದರು. ಆಮೇಲೆ ಪ್ರಲ್ಹಾದನ ಒಪ್ಪಿಗೆ ಕಾಗದದ ಮೇಲೆ ಏನನ್ನೋ ಬರೆದು ಸಹಿ ಮಾಡಿದರು. ಆಗ ಗಡಿಯಾರದಲ್ಲಿ 10-10.

ದೊಡ್ಡ ಗಡಿಗೆಯಲ್ಲಿದ್ದದ್ದು ಸಿಹಿ ನೀರು, ಅದಕ್ಕೆ ಹೆಪ್ಪು ಹಾಕಿರಲಿಲ್ಲ, ಸಣ್ಣ ಗಡಿಗೆಯದೂ ಕೆಟ್ಟ ಗಂಜಿ ಎಂದು ಬರೆಸಿದರೆ ಕೇಸು ಹಗುರಾಗುತ್ತದೆ ಎಂದು ಕಾರಕೂನರು ನನ್ನ ಒಳ್ಳೆಯದಕ್ಕೇ ಹೇಳಿದರು. ಅವರ ಉಪಕಾರ ದೊಡ್ಡದು. ಆದರೆ ಸಣ್ಣ ಗಡಿಗೆಯದು ಕೆಟ್ಟದ್ದಲ್ಲ. ಒಂಬತ್ತು ದಿನವಾದರೂ ಹುಳಿ ಹತ್ತದ ಹೆಂಡ ಅದು. ಕೇಸಿಗಾಗಿ ಅದನ್ನು ಕೆಟ್ಟ ಗಂಜಿ ಎನ್ನಲು ನನ್ನ ಬಾಯಿ ಬರುವುದಿಲ್ಲ. ಕಾಯದೆ ಮುರಿದದ್ದಕ್ಕೆ ಕೋರ್ಟು ಏನು ಕೊಟ್ಟರೂ ಅನುಭವಿಸುತ್ತೇನೆ. ಕೊನೆಗೆ, ತಪ್ಪಾಯಿತು, ಮಾಫ ಮಾಡಬೇಕು ಎಂದು ರೂಢಿಯಂತೆ ಬರೆದಿದ್ದ ಸಾಲನ್ನು ನಾನು ಹೊಡೆದು ಹಾಕಿಸಿದ್ದೇನೆ. ಆ ಸಾಲು ನನ್ನ ಬಾಯಿಂದ ಬಂದದ್ದಲ್ಲ.

ಮೇಲಿನದೆಲ್ಲವನ್ನು ಕಾರಕೂನರು ಕನ್ನಡದಲ್ಲಿ ಓದಿ ಹೇಳಿದರು, ಕೇಳಿದೆ. ನಾನು ಹೇಳಿದ್ದಷ್ಟೇ ಇದರಲ್ಲಿದೆ, ಹೇಳಿದ್ದೆಲ್ಲ ಖರೆ ಇದೆ. ನಿಶಾನಿ ಮಾಡು ಎಂದರು. ಮೊದಲು ಅವನನ್ನು ಬಿಡಿರಿ, ಆಮೇಲೆ ಮಾಡುತ್ತೇನೆ ಎಂದೆ. ಸಾಹೇಬರು ನನ್ನನ್ನು ನೋಡಿದರು, ಗಡಿಯಾರವನ್ನು ನೋಡಿದರು, ಜಮಾದಾರರಿಗೆ ಕೈ ಮಾಡಿದರು. 10-28ಕ್ಕೆ ಪ್ರಲ್ಹಾದ ಠಾಣೆಯ ಮೆಟ್ಟಿಲು ಇಳಿದ. ಇಲ್ಲಿಂದ ಶಾಲೆಗೆ ಒಂದೂಕಾಲು ಮೈಲು. ಹೊರಗೆ ಬೇವಿನ ಗಿಡದ ಕೆಳಗೆ ನನ್ನ ಗಂಡ ಒಗೆದ ಅಂಗಿ, ಟೊಪ್ಪಿಗೆ, ಹುಕುಮಿನ ಕಾಗದ ಹಿಡಿದು ನಿಂತಿದ್ದ. ಪ್ರಲ್ಹಾದ ಅಂಗಿ ಬದಲಿಸಿ, ಹೋಗದೆ, ಕಿಟಕಿಯೊಳಗೆ ನನ್ನನ್ನು ನೋಡುತ್ತ ನಿಂತ. ಇದರಲ್ಲಿ ಎರಡು ನಿಮಿಷ ಹೋಯಿತು. ನಡಿಯಲೇ, ಹೊತ್ತಾತು ಎಂದು ನಾನು ಇಲ್ಲಿಂದಲೇ ಗದರಿಸಿದೆ. ಅವನು ಓಡಿದ. ಓಣಿಯ ತಿರುವಿನಲ್ಲಿ ಅವನು ಕಾಣದಾದ ಮೇಲೆ ಕೆಳಗಿನ ನಿಶಾನಿ ಮಾಡಿದ್ದೇನೆ.

ಸ್ಥಳ: ಬೆಟಗೇರಿ
ದಿನಾಂಕ: 13-6-1955, ವೇಳೆ 10-36

ರತ್ನವ್ವ ಕೋಂ ಕಲ್ಲಣ್ಣ ಮ್ಯಾಗೇರಿ ಇವಳ ಬಳೆಯ ನಿಶಾನಿ: ◯